ಕಡಲೆ ಹುಳಿಯ ಸೀಸೆ
ಆರನೆಯ ಕಂತು

“ಎಷ್ಟು ಬೇಕ್ರಿ ಮೇಡಂ?” ಎಂದು ಕೇಳಿದ ಕಲ್ಲು ಪಾಲಿಶ್ ಫ್ಯಾಕ್ಟರಿಯ ಮೇಸ್ತ್ರಿ ಬೀರಲಿಂಗ.

ಸಬ್ ಇನ್‌ಸ್ಪೆಕ್ಟರ್ ಮಹೇಶ್ವರಿ ಕೇಳಿದ್ದು ಒಂದು ಚಿಟಿಕೆ. ಅವನು ತೋರಿಸಿದ್ದು ಹನ್ನೊಂದು ಚೀಲ. ಒಂದರ ಬಾಯಿ ಬಿಚ್ಚಿಯೇ ಇತ್ತು. ಒಳಗೆ ಸಕ್ಕರೆಯಂಥ ಬಿಳಿ ಹರಳಿನ ಪಾಲಿಶ್ ಪುಡಿ, ಅಂದರೆ ಆಕ್ಸಾಲಿಕ್ ಆಮ್ಲ. ಅದರ ಮೇಲೆ ಯಾರೋ ಚಹಾ ಕುಡಿದಿಟ್ಟ ಲೋಟ.

“ಈ ಕೋಣಿಗೆ ಬೀಗ ಇಲ್ಲೇನು?”

“ಯಾರ್ ಕದೀತಾರ್ರಿ ಇದನ್ನ? ಕೇಳಿದವರಿಗೆಲ್ಲಾ ನಾವ ಕೊಡತೇವಿ.”

ಮಹೇಶ್ವರಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಈ ಫ್ಯಾಕ್ಟರಿಯ ಸಾಹುಕಾರ ನಾಗಲಿಂಗ, ಹೊಟ್ಟೆನೋವಿಗೆಂದು ಕಡಲೆ ಹುಳಿ ಕುಡಿದು, ಮೂರನೆಯ ದಿನ ಮೂತ್ರಪಿಂಡ ಕೈಕೊಟ್ಟು ಸತ್ತು ಇವತ್ತಿಗೆ ಹದಿನೆಂಟು ದಿನ. ಆ ಹುಳಿ ಹಿಂಡಿಕೊಟ್ಟ ಎಪ್ಪತ್ತೊಂದು ವರ್ಷದ ರಂಗವ್ವ ನಿನ್ನೆ ಸಂಜೆ ನಾಲ್ಕಕ್ಕೆ ಬಂಧಿತಳಾಗಿದ್ದಳು. ಇವತ್ತು ನಾಲ್ಕರೊಳಗೆ ಅವಳನ್ನು ಹುನಗುಂದದ ನ್ಯಾಯಾಲಯದಲ್ಲಿ ನಿಲ್ಲಿಸಬೇಕು. ಈಗಾಗಲೇ ಹನ್ನೊಂದೂವರೆ.

ಪ್ರಯೋಗಾಲಯದಿಂದ ಬಂದ ವರದಿಯಲ್ಲಿ ಒಂದೇ ಸಾಲು: ಸತ್ತವನ ದೇಹದಲ್ಲೂ ಹಾಸಿಗೆಯ ಬಳಿ ಸಿಕ್ಕ ಸೀಸೆಯಲ್ಲೂ ಆಕ್ಸಾಲಿಕ್ ಆಮ್ಲ ಇದೆ. ಎಷ್ಟಿದೆ ಎಂದು ಬರೆದಿಲ್ಲ. ಫೋನು ಮಾಡಿ ಕೇಳಿದರೆ, ಪ್ರಮಾಣ ಬೇಕಾದರೆ ಬೇರೆ ಪತ್ರ ಬರೆಯಿರಿ, ಒಂದು ತಿಂಗಳಾಗುತ್ತದೆ ಎಂದರು. ಒಂದು ತಿಂಗಳು ಆ ಮುದುಕಿಯನ್ನು ಎಲ್ಲಿಡಬೇಕೆಂದು ಅವರು ಹೇಳಲಿಲ್ಲ.

“ಇದನ್ನ ಯಾರ್ಯಾರು ಒಯ್ತಾರ?”

“ಯಾರು ಒಯ್ಯೂದಿಲ್ಲ ಅಂತ ಕೇಳ್ರಿ.” ಬೀರಲಿಂಗ ಹುರುಪಿನಿಂದಲೇ ಹೇಳತೊಡಗಿದ. “ಕಲ್ಲಿಗೆ ಕಡೇ ಹೊಳಪು ಬರೂದು ಇದರಿಂದನ. ಗರಗಸದ ಕಬ್ಬಿಣ ತುಕ್ಕು ಹಿಡದು ಕಲ್ಲಿನ ಮ್ಯಾಲೆ ಕಂದು ಕಲಿ ಬೀಳತಾವು, ಅದನ್ನ ಇದು ತೆಗೀತೈತಿ. ಮಗ್ಗದ ಮೊಳಿ ತುಕ್ಕು ಸೀರಿಗೆ ಹತ್ತಿದ್ರ ನೇಕಾರರೂ ಚೂರು ಒಯ್ತಾರ. ಹೆಣ್ಮಕ್ಕಳು ಹಿತ್ತಾಳಿ ದೀಪದ ಸಮೆ ತಿಕ್ಕಾಕ ಒಯ್ತಾರ. ಚೀಲದಾಗ ಬರೂದು ಸಕ್ಕರಿ, ಕಾಕಂಬಿಯಿಂದ ಮಾಡಿದ್ದಂತ. ಪುಂಡಿಪಲ್ಯಾದಾಗೂ ಇರತೈತಂತ್ರಿ ಇದು. ಮಾರಾಕ ಬಂದಾಂವ ಹೇಳಿದ್ದ.”

“ಕಡಲಿ ಗಿಡದಾಗೂ ಐತಿ,” ಎಂದಳು ಮಹೇಶ್ವರಿ ಕಹಿಯಾಗಿ.

ತೊಂದರೆ ಇದ್ದದ್ದೇ ಅಲ್ಲಿ. ಚಳಿಗಾಲದಲ್ಲಿ ಕಡಲೆ ಎಲೆಯ ಮೇಲೆ ಹುಳಿ ಜಿನುಗುತ್ತದೆ. ಇಬ್ಬನಿ ಬೀಳುವ ಹೊತ್ತಿಗೆ ಹೊಲದ ಮೇಲೆ ಬಿಳಿ ಧೋತರ ಹಾಸಿ, ನಸುಕಿನಲ್ಲಿ ಎತ್ತಿ ಹಿಂಡಿದರೆ ಆ ಹುಳಿಯೇ ಹೊಟ್ಟೆಯ ಔಷಧಿ. ಈ ಸೀಮೆಯಲ್ಲಿ ಅದನ್ನು ಕುಡಿಯದೆ ಬೆಳೆದವರಿಲ್ಲ, ಮಹೇಶ್ವರಿಯೂ ಸೇರಿ. ಅದರಲ್ಲಿ ಇದೇ ಆಮ್ಲ ತುಸು ಇರುತ್ತದೆ. ಅಂದಮೇಲೆ ವರದಿಯ ಒಂದು ಸಾಲು ಹಿಡಿದುಕೊಂಡು ಮುದುಕಿಯನ್ನು ಒಳಗೆ ಹಾಕಲೂ ಬಹುದು, ಊರಿನ ಅರ್ಧ ಜನರನ್ನು ಹಾಕಲೂ ಬಹುದು. ಎಲ್ಲ ಮನೆಯಲ್ಲೂ ಇರುವ ವಿಷಕ್ಕೆ ಪತ್ತೇದಾರಿ ಮಾಡುವುದಾದರೂ ಹೇಗೆ?

ಹೊರಗೆ ಕಲ್ಲಿನ ಹಾಳೆಗಳ ನಡುವೆ ಹೆಂಗಸರು ಕೂತು ಮೂಲೆ ಉಜ್ಜುತ್ತಿದ್ದರು. ಯಾರ ಕೈಗೂ ಗ್ಲೌಸ್ ಇರಲಿಲ್ಲ. ಉಗುರುಗಳೆಲ್ಲ ತಿಂದುಹೋದಂತಿದ್ದವು. ಮಹೇಶ್ವರಿಯ ಕಣ್ಣು ಅಲ್ಲಿ ನಿಂತದ್ದನ್ನು ಬೀರಲಿಂಗ ನೋಡಿದ.

“ಗ್ಲೌಸ್ ಕೊಡ್ರಿ ಅಂತ ರಂಗವ್ವನ ಮಗಳು ಸುಧಾರಾಣಿ ಜಗಳಾ ತಗದಿದ್ಳ್ರಿ. ಸಾವ್ಕಾರ್ರು ಅವತ್ತ ಕೆಲಸಾ ಬಿಡಿಸಿದ್ರು. ಗೇಟಿನಾಗ ನಿಂತು ಭಾಳ ಬೈದು ಹೋದ್ಳು.”

ಸರಿಹೋಯಿತು, ಇನ್ನೊಬ್ಬಳು ಶಂಕಿತೆ! ತಾಯಿಯನ್ನು ಬಿಡಿಸಲು ಬಂದವಳ ಕೈಗೆ ಮಗಳನ್ನು ಕೊಟ್ಟಿದ್ದ. ಮಹೇಶ್ವರಿ ಸಿಟ್ಟಿನಿಂದ ಹೊರಗೆ ಹೆಜ್ಜೆಯಿಟ್ಟಳು, ಮತ್ತು ಹೆಜ್ಜೆ ಸೀದಾ ಹಾಲಿನಂಥ ಬಿಳಿ ನೀರಿನಲ್ಲಿ ಬಿತ್ತು.

“ಇದೇನು?”

“ಸುಣ್ಣದ ನೀರ್ರಿ. ಪುಡಿ ತೊಳದ ನೀರು ಹಂಗ ಗಟಾರಕ್ಕ ಬಿಟ್ರ ಮಂದಿ ಬೈತಾರ. ಅದಕ್ಕ ಮೊದಲ ಸುಣ್ಣ ಹಾಕತೇವಿ. ಬೆಳ್ಳಗಾಗಿ ತಳಕ್ಕ ಕೂಡತೈತಿ. ಪುಡಿ ಎಷ್ಟು ಜಾಸ್ತಿನೋ ಅಷ್ಟು ಬೆಳ್ಳಗ.”

ಮಹೇಶ್ವರಿ ಒದ್ದೆ ಬೂಟಿನಲ್ಲೇ ನಿಂತಳು. ಬಾಗಲಕೋಟೆಯಲ್ಲಿ ಬಿ.ಎಸ್ಸಿ. ಓದುವಾಗ ಲ್ಯಾಬಿನಲ್ಲಿ ಇದೇ ಪಾಠವನ್ನು ಅರೆನಿದ್ದೆಯಲ್ಲಿ ಕೇಳಿದ್ದಳು. ಆಕ್ಸಾಲಿಕ್ ಇದ್ದರೆ ಸುಣ್ಣದ ತಿಳಿನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಕಡಲೆಯ ಹುಳಿಯಲ್ಲಿ ಬಹುಪಾಲು ಬೇರೆಯೇ ಆಮ್ಲ, ಸೇಬಿನಲ್ಲಿರುವಂಥದ್ದು. ಅದು ಸುಣ್ಣದ ತಿಳಿಯನ್ನು ಹಾಗೆ ಬೆಳ್ಳಗೆ ಮಾಡುವುದಿಲ್ಲ. ತಿಂಗಳು ಕಾಯಬೇಕಾದ ಉತ್ತರ ಇಲ್ಲಿ ಗಟಾರದ ಬಾಯಲ್ಲಿ ಬಿದ್ದಿತ್ತು.

“ಮೇಸ್ತ್ರಿ, ನಿಮಗ ಪುಣ್ಯಾ ಬರಲಿ,” ಎಂದಳು.

ಯಾತಕ್ಕೆಂದು ಅವನಿಗೆ ತಿಳಿಯಲಿಲ್ಲ.

ಠಾಣೆಯ ಮುಂದೆ ಬೇವಿನ ಗಿಡದ ಕೆಳಗೆ ಸುಧಾರಾಣಿ ನಿನ್ನೆಯಿಂದ ಕೂತಿದ್ದಳು. ಮೂವತ್ತರ ಆಸುಪಾಸಿನ ಹೆಂಗಸು. ಕೊಟ್ಟ ಚಹಾ ಮುಟ್ಟಿರಲಿಲ್ಲ. ಮಹೇಶ್ವರಿಯ ಜೀಪು ಕಂಡು ಎದ್ದು ನಿಂತಳು.

ಒಳಗೆ ಹೆಡ್ ಕಾನ್ಸ್‌ಟೇಬಲ್ ಅಯೂಬ ಕಾಯುತ್ತಿದ್ದ. ಬೆಳಿಗ್ಗೆಯೇ ಶಿವಯೋಗ ಮಂದಿರದ ಆಚೆಯ ರಂಗವ್ವನ ಊರಿಗೆ ಹೋಗಿ, ಅವಳ ಮನೆಯ ಗಡಿಗೆಯಲ್ಲಿ ಉಳಿದಿದ್ದ ಹುಳಿಯನ್ನು ಸೀಸೆಗೆ ತುಂಬಿಕೊಂಡು, ಬಾದಾಮಿಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದ.

“ಮೇಡಂ, ಬಸ್ಸಿನಾಗ ಒಬ್ಬ ಆಯಿ ‘ಹುಳಿ ಏನೋ ತಮ್ಮಾ, ಒಂದು ಗುಟುಕು ಕೊಡು’ ಅಂತ ಗಂಟು ಬಿದ್ಲು. ಕೇಸಿನ ಸೀಸೆ ಅಂದ್ರೂ ಬಿಡವಲ್ಲಳು.”

“ಕೊಟ್ಟಿಯೇನು?”

“ಕೊಡಲಿಲ್ರಿ. ಗುಳೇದಗುಡ್ಡದ ತನಕ ಬೈಸಿಕೊಂಡು ಬಂದೆ.”

“ಸಾಕ್ಷಿಗೆ ಪಂಚರನ್ನ ಕರಕೊಂಡು ಸೀಲ್ ಮಾಡಿಸಿದಿಯೇನು?”

ಅಯೂಬ ಛಾವಣಿ ನೋಡಿದ. ಮಹೇಶ್ವರಿ ಉಸಿರು ಬಿಟ್ಟಳು. ಸಾಕ್ಷಿಯಾಗಿ ಅದು ಮೂರು ಕಾಸಿಗೂ ಬಾಳುವುದಿಲ್ಲ. ಆದರೂ ಸರ್ಕಲ್ ಇನ್‌ಸ್ಪೆಕ್ಟರ್ ಸಾಹೇಬರ ಕಣ್ಣಿಗಾದರೂ ತೋರಿಸಬಹುದು.

“ನಿನ್ನ ಎಲಿ ಅಡಿಕಿ ಚೀಲ ತಗಿ. ಸುಣ್ಣದ ಡಬ್ಬಿ ಕೊಡು ಇಲ್ಲೆ.”

ಅವನ ಮುಖ ಸಣ್ಣದಾಯಿತು. ಸುಣ್ಣವನ್ನು ಒಂದು ತಂಬಿಗೆ ನೀರಿಗೆ ಕಲಸಿ, ತಳಕ್ಕೆ ಕೂರಲು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಲೋಟಕ್ಕೆ ಬಗ್ಗಿಸುವ ಹೊತ್ತಿಗೆ ಎರಡೂವರೆ ದಾಟಿತ್ತು. ನಡುವೆ ಬಾಗಲಕೋಟೆಯ ಜಿಲ್ಲಾ ಕಚೇರಿಯಿಂದ ಮೂರು ಸಲ ಫೋನು ಬಂತು. ಮೂರು ಸಲವೂ ಒಂದೇ ಪ್ರಶ್ನೆ: ಮುದುಕಿಯನ್ನು ಇನ್ನೂ ಯಾಕೆ ಕಳಿಸಿಲ್ಲ?

ಸರ್ಕಲ್ ಸಾಹೇಬರು ಕೆಟ್ಟವರಲ್ಲ, ದಣಿದವರು. ಠಾಣೆಗೆ ಬಂದವರೇ ಮೇಜಿನ ಮೇಲಿನ ಲೋಟಗಳನ್ನು ನೋಡಿ ಹಣೆ ಗಂಟಿಕ್ಕಿದರು.

“ಮಹೇಶ್ವರಿ, ನಾ ನಿರ್ಲಕ್ಷ್ಯದ ಸಾವು ಅಂತ ಬರದೀನಿ. ಇವತ್ತ ಜಾಮೀನು ಸಿಗತೈತಿ, ಮುದುಕಿ ರಾತ್ರಿ ಊಟಕ್ಕ ಮನ್ಯಾಗ ಇರತಾಳ. ನಿನಗ ಇನ್ನೇನು ಬೇಕು?”

“ತಪ್ಪು ಮಾಡದಾಕಿಗೆ ಜಾಮೀನು ಯಾಕ್ರಿ ಸರ್? ಸಾಯೂತನಕ ಮಂದಿ ಆಕೀನ್ನ ಕೊಲೆಗಡಕಿ ಅಂತಾರ. ಐದು ನಿಮಿಷ ಕೊಡ್ರಿ.”

“ಐದ. ಆರಲ್ಲ.”

ರಂಗವ್ವನನ್ನು ಕರೆತಂದರು. ಕುಳ್ಳಗಿನ, ಒಣಗಿದ ಮೈ, ತಲೆಯ ಮೇಲೆ ಸೆರಗು. ಕುರ್ಚಿ ಕೊಟ್ಟರೂ ನೆಲದ ಮೇಲೆ ಕೂತಳು. ನಿನ್ನೆಯಿಂದ ಹೇಳುತ್ತಿದ್ದುದನ್ನೇ ಮತ್ತೆ ಶುರುಮಾಡಿದಳು.

“ಯವ್ವಾ, ಸುಮ್ಮನ ಯಾಕ ತ್ರಾಸ ತಗೋತಿ? ತಪ್ಪು ನಂದ ಐತಿ. ಪ್ರತಿ ವರ್ಸ ಹೊಲದವರನ್ನ ಕೇಳತಿದ್ದೆ, ಎಣ್ಣಿ ಹೊಡದೀರೇನಪಾ ಅಂತ. ಈ ವರ್ಸ ಹೊಲದಾಂವ ಊರಾಗಿರಲಿಲ್ಲ. ಕೇಳದ ಧೋತರ ಹಾಸಿದೆ. ಎಣ್ಣಿ ಹೊಡದ ಗಿಡ ಇರಬೇಕು. ನನ್ನ ಕೈಯಾಗ ಒಂದು ಜೀವ ಹೋತು.”

“ಆಯಿ, ಹತ್ತು ಸಲ ಹೇಳೀನಿ. ಹುಳದ ಎಣ್ಣಿ ಅಲ್ಲ ಅದು. ವರದಿಯಾಗ ಎಣ್ಣಿ ಸುದ್ದೀನ ಇಲ್ಲ!”

“ನಿಮ್ಮ ಕಾಗದಕ್ಕ ಏನು ಗೊತ್ತು? ಹಿಂಡಿದಾಕಿ ನಾನು.”

ಮಹೇಶ್ವರಿಗೆ ಅಳುವೂ ಬಂತು, ಸಿಟ್ಟೂ ಬಂತು. ಕದ್ದವನು ಕದ್ದಿಲ್ಲ ಎನ್ನುವುದನ್ನು ಒಂಬತ್ತು ವರ್ಷ ನೋಡಿದ್ದಳು. ಮಾಡದ ತಪ್ಪನ್ನು ಮಡಿಲಲ್ಲಿ ಕಟ್ಟಿಕೊಂಡು ಕೂತವರನ್ನು ಬಿಡಿಸುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

“ಸರಿ, ನೀನ ಕಣ್ಣಾರೆ ನೋಡು. ಇದು ನಿನ್ನ ಗಡಿಗಿಯ ಹುಳಿ. ಹೌದಿಲ್ಲೋ?”

ರಂಗವ್ವ ಮೂಸಿ ನೋಡಿದಳು. “ಹೌದು. ಅದೇ ಹೊಲದ್ದು, ಅದೇ ನಸುಕಿಂದು.”

ಮಹೇಶ್ವರಿ ಅದನ್ನು ಒಂದು ಲೋಟದ ಸುಣ್ಣದ ತಿಳಿಗೆ ಹನಿಸಿದಳು. ನೀರು ತುಸು ಮಸುಕಾಯಿತು, ಅಷ್ಟೇ. ಆಚೆ ಬದಿಯ ಗೋಡೆ ಲೋಟದೊಳಗಿಂದ ಕಾಣುತ್ತಲೇ ಇತ್ತು.

“ಈಗ ಇದು. ಸಾವ್ಕಾರರ ಹಾಸಿಗಿ ಬಾಜೂಕ ಇದ್ದ ಸೀಸೆಯೊಳಗಿಂದು. ಸೀಲ್ ಮಾಡೂ ಮೊದಲ ದವಾಖಾನಿ ಡಾಕ್ಟರಮ್ಮ ಚೂರು ತಗದಿಟ್ಟಿದ್ರು.”

ಅಷ್ಟೇ ಹನಿ ಇನ್ನೊಂದು ಲೋಟಕ್ಕೆ ಬಿದ್ದವು. ನೀರು ಅಲ್ಲಲ್ಲೇ ಒಡೆದು, ಕದಡಿ, ಗಟ್ಟಿ ಮಜ್ಜಿಗೆಯಂತೆ ಬೆಳ್ಳಗಾಯಿತು. ಅಯೂಬ ಬಾಯಿ ತೆರೆದು ನಿಂತ. ಸಾಹೇಬರು ಕನ್ನಡಕ ಹಾಕಿಕೊಂಡರು.

“ನೋಡಿದ್ರೇನ್ರಿ ಸರ್? ಎರಡೂ ಒಂದೇ ಗಡಿಗಿ ಹುಳಿ. ಇದು ಕುಡಿಯೂವಂಥದ್ದು. ಅದರಾಗ ಯಾರೋ ಮ್ಯಾಲಿಂದ ಸುರುವ್ಯಾರ. ರಂಗವ್ವ ಕೊಟ್ಟಿದ್ದು ಔಷಧ, ವಿಷ ಹಾಕಿದವರು ಬ್ಯಾರೆ.”

ಆ ಗಳಿಗೆಯಲ್ಲಿ ಮಹೇಶ್ವರಿಗೆ ಹದಿನೆಂಟು ದಿನದ ದಣಿವೆಲ್ಲ ಇಳಿದಂತಾಗಿತ್ತು. ಸಾಹೇಬರ ಮುಖ ನೋಡುವ ತನಕ ಮಾತ್ರ.

“ಏನು ಸುರುವ್ಯಾರ?” ಎಂದರು ಸಾಹೇಬರು ದೊಡ್ಡ ದನಿಯಲ್ಲಿ. “ಫ್ಯಾಕ್ಟರಿ ಪಾಲಿಶ್ ಪುಡೀನ?”

“ಹೌದ್ರಿ.”

“ಹಂಗಾದ್ರ ಇದು ನಿರ್ಲಕ್ಷ್ಯ ಅಲ್ಲ ಮಹೇಶ್ವರಿ. ಕೊಲೆ.”

ಪಾಲಿಶ್ ಪುಡಿ ಎಂಬ ಮಾತು ಕಿವಿಗೆ ಬಿದ್ದೊಡನೆ ರಂಗವ್ವನ ಮುಖದ ಬಣ್ಣ ಇಳಿಯಿತು. ಇಷ್ಟು ಹೊತ್ತು ಅಲ್ಲಿದ್ದದ್ದು ದುಃಖ. ಈಗ ಬಂದದ್ದು ಹೆದರಿಕೆ. ಅವಳು ಕಿಟಕಿಯತ್ತ ನೋಡಿದಳು. ಕಿಟಕಿಯಾಚೆ ಬೇವಿನ ಗಿಡ, ಗಿಡದ ಕೆಳಗೆ ಮಗಳು.

“ಯವ್ವಾ,” ಎಂದಳು ಬಹಳ ಮೆಲ್ಲಗೆ, “ಆ ಪುಡಿ... ಅದರಿಂದನ ಸತ್ನೇನು?”

“ಹೌದು ಆಯಿ. ನಿನ್ನ ಹುಳಿಯಿಂದಲ್ಲ.”

ರಂಗವ್ವ ನೆಲಕ್ಕೆ ಕೈಯೂರಿ ಎದ್ದಳು. ಮಹೇಶ್ವರಿಯನ್ನು ದಾಟಿ ಸಾಹೇಬರ ಮುಂದೆ ಹೋಗಿ ನಿಂತಳು.

“ಸಾಹೇಬರ, ಬರಕೋರಿ. ಪುಡಿ ಹಾಕಿದಾಕಿ ನಾನ.”

“ಆಯಿ!”

“ನೀ ಸುಮ್ಮನಿರು. ಆಂವ ನನ್ನ ಮಗಳ ಅನ್ನಾ ಕಸದಿದ್ದ. ಸಿಟ್ಟು ಬಂದಿತ್ತು. ಹಾಕೀನಿ. ಬರಕೋರಿ ಸಾಹೇಬರ.”

“ಸುಳ್ಳ್ರಿ ಸರ್! ಈಗ ಹತ್ತು ನಿಮಿಷದ ಹಿಂದ ಎಣ್ಣಿ ಅಂತಿದ್ಳು!”

“ಸುಳ್ಳು ಅಂತ ತೋರಸು,” ಎಂದರು ಸಾಹೇಬರು, ದನಿ ತಗ್ಗಿಸಿ. ಅವರಿಗೂ ಸಮಾಧಾನವಿರಲಿಲ್ಲ. “ಬೆಳಗಿನಿಂದ ಜಾಮೀನಿನ ಕೇಸು ಮಾಡಿ ಇಟ್ಟಿದ್ದೆ. ಇದನ್ನ ನನ್ನ ಕಣ್ಣ ಮುಂದ ತೋರಿಸಿದಾಕಿ ನೀನು. ಕಂಡಮ್ಯಾಲೆ ಕಂಡಿಲ್ಲ ಅಂತ ಹೆಂಗ ಬರೀಲಿ?”

ಮಹೇಶ್ವರಿ ಮುದುಕಿಯ ಎದುರು ಮೊಣಕಾಲೂರಿದಳು.

“ಎಷ್ಟು ಹಾಕಿದಿ?”

“ನೆಪ್ಪಿಲ್ಲ.”

“ಎಲ್ಲಿಂದ ತಂದಿ?”

ರಂಗವ್ವ ಮತ್ತೆ ಕಿಟಕಿಯ ಕಡೆಗೆ ಹೊರಟ ಕಣ್ಣನ್ನು ಅರ್ಧಕ್ಕೇ ಎಳೆದುಕೊಂಡಳು.

“ರಸ್ತೇದಾಗ ಸಿಕ್ತು.”

ಇಷ್ಟು ಕೆಟ್ಟ ಸುಳ್ಳನ್ನು ಮಹೇಶ್ವರಿ ತನ್ನ ನೌಕರಿಯಲ್ಲೇ ಕೇಳಿರಲಿಲ್ಲ. ಆದರೂ ಕಾನೂನಿನ ಎದುರು ಅದಕ್ಕಿಂತ ಒಳ್ಳೆಯ ಸತ್ಯ ಅವಳ ಕೈಯಲ್ಲಿರಲಿಲ್ಲ. ಪೊಲೀಸರ ಮುಂದೆ ಒಪ್ಪಿಕೊಂಡದ್ದು ವಿಚಾರಣೆಯಲ್ಲಿ ನಿಲ್ಲದಿರಬಹುದು. ಆದರೆ ಕೊಲೆ ಎಂದು ಬರೆದ ಮೇಲೆ ಇವತ್ತು ಜಾಮೀನು ಸಿಗುವುದಿಲ್ಲ. ಮನೆಗೆ ಹೋಗಬೇಕಾಗಿದ್ದ ಮುದುಕಿಯನ್ನು ತಾನೇ ಕೈಹಿಡಿದು ಜೈಲಿನ ಬಾಗಿಲಿಗೆ ಮುಟ್ಟಿಸಿದಂತಾಯಿತು.

ಮೂರೂ ಇಪ್ಪತ್ತಕ್ಕೆ ಜೀಪು ಹುನಗುಂದದ ಕಡೆಗೆ ಹೊರಟಿತು. ರಂಗವ್ವ ಬೇವಿನ ಗಿಡವನ್ನು ದಾಟುವಾಗ ಮಗಳ ಕಡೆ ತಿರುಗಿಯೂ ನೋಡಲಿಲ್ಲ.

ಮಹೇಶ್ವರಿ ಒಳಗೆ ಬಂದು ಬೆಳ್ಳಗಿನ ಲೋಟವನ್ನು ಮೋರಿಗೆ ಎತ್ತಿ ಬಿಸಾಡಬೇಕೆಂದು ಕೈ ಹಾಕಿದಳು. ಬಾಗಿಲಲ್ಲಿ ಸುಧಾರಾಣಿ ನಿಂತಿದ್ದಳು.

“ಮೇಡಂ, ನಮ್ಮವ್ವನ ಬಿಡತೀರಿ ಅಂತ ತಿಳಕೊಂಡಿದ್ನೆಲ್ರಿ. ಎಲ್ಲಿಗೆ ಒಯ್ದ್ರು?”

“ನಿಮ್ಮವ್ವ ಒಪ್ಪಿಕೊಂಡಾಳ. ತಾನ ಪಾಲಿಶ್ ಪುಡಿ ಹಾಕಿ ಕೊಂದೀನಿ ಅಂತ.” ಮಹೇಶ್ವರಿಯ ದನಿ ಬೇಕಾದ್ದಕ್ಕಿಂತ ಬಿರುಸಾಗಿತ್ತು. “ಯಾರನ್ನ ಉಳಸಾಕ ಅಂತ ನಿನಗ ಗೊತ್ತೈತೇನು?”

ಸುಧಾರಾಣಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಅವಳ ಉಗುರುಗಳೂ ತಿಂದುಹೋಗಿದ್ದವು.

“ಪುಡಿ ಹಾಕಿದಾಕಿ ನಾನ್ರಿ,” ಎಂದಳು.

ಅಯೂಬ ಎದ್ದು ನಿಂತ. ಮಹೇಶ್ವರಿ ಕೈ ತೋರಿಸಿ ಅವನನ್ನು ಕೂರಿಸಿದಳು.

“ಆದ್ರ ಆ ಸೀಸೆಗಲ್ಲ. ಅವ್ವ ಕೊಟ್ಟ ಹುಳಿ ದೊಡ್ಡ ಸೀಸೇದಾಗಿತ್ತು. ಅವ್ವ ಹುಳಿ ಕೊಟ್ಟ ದಿನಾನ ನಾ ಸಾವ್ಕಾರರ ಮನಿಗೆ ಇನ್ನೊಂದು ಸಣ್ಣ ಸೀಸೆ ಒಯ್ದಿದ್ದೆ. ನೀರಾಗ ಪುಡಿ ಕಲಸಿದ್ದು. ಸೀರಿ ಸೆರಗಿಗೆ ತುಕ್ಕಿನ ಕಲಿ ಹತ್ತೈತಿ, ಪುಡಿ ಇದ್ರ ಕಲಸಿ ತಾ ಅಂತ ದಾನಮ್ಮಕ್ಕಾರು ಕೇಳಿದ್ರು. ಕುಡಿಯೂದಲ್ಲ ಅಂತ ಗೊತ್ತಾಗಲಿ ಅಂತ ಸೀಸೆ ಕೊರಳಿಗೆ ಕೆಂಪು ದಾರಾನೂ ಕಟ್ಟಿದ್ದೆ.”

ದಾನಮ್ಮ, ಅಂದರೆ ಸತ್ತ ನಾಗಲಿಂಗನ ಹೆಂಡತಿ. ರಂಗವ್ವನ ಹುಳಿಯಿಂದ ಗಂಡ ಸತ್ತನೆಂದು ದೂರು ಕೊಟ್ಟವಳು.

ಮಹೇಶ್ವರಿ ಫೈಲು ಎಳೆದು ಫೋಟೋ ಹುಡುಕಿದಳು. ಸೀಸೆ ಅದಲುಬದಲಾಗಿ ಸಾಹುಕಾರ ತಪ್ಪಿ ಕಲೆ ತೆಗೆಯುವ ನೀರು ಕುಡಿದಿದ್ದರೆ? ಹಾಗಿದ್ದರೆ ಕೊಲೆಯೇ ಇಲ್ಲ. ತಾಯಿಯೂ ಉಳಿಯುತ್ತಾಳೆ, ಮಗಳೂ ಉಳಿಯುತ್ತಾಳೆ. ದೇವರೇ, ಹಾಗೇ ಆಗಿರಲಿ ಎಂದುಕೊಂಡಳು.

“ಹಾಸಿಗಿ ಬಾಜೂಕ ಸಿಕ್ಕದ್ದು ಇದು. ಸರಿಯಾಗಿ ನೋಡಿ ಹೇಳು. ಯಾವ ಸೀಸೆ?”

ಸುಧಾರಾಣಿ ಬಾಗಿ ನೋಡಿದಳು.

“ಇದು ದೊಡ್ಡದ್ರಿ. ಅವ್ವ ಕೊಟ್ಟದ್ದು.”

ಅಲ್ಲಿಗೆ ತಪ್ಪಿ ಕುಡಿದ ಮಾತು ಮುಗಿಯಿತು. ಸಣ್ಣದರಲ್ಲಿದ್ದದ್ದು ತಾನಾಗಿ ದೊಡ್ಡದಕ್ಕೆ ಹೋಗುವುದಿಲ್ಲ. ಎರಡೂ ಸೀಸೆ ಇದ್ದ ಮನೆ ಒಂದೇ. ಆ ಸಣ್ಣ ಸೀಸೆ ದಾರದ ಸಮೇತ ಆ ಮನೆಯಲ್ಲಿ ಸಿಕ್ಕರೆ ಸುಧಾರಾಣಿಯ ಮಾತಿಗೆ ಆಧಾರ. ಸಿಗದಿದ್ದರೆ, ಪುಡಿ ಕಲಸಿದೆ ಎಂದು ಒಪ್ಪಿಕೊಂಡವಳು ಇವಳೊಬ್ಬಳೇ.

“ಅಯೂಬ, ಗಾಡಿ ತಗಿ. ಪಂಚರನ್ನ ಕರಿ, ಈ ಸಲ ಮರೀಬ್ಯಾಡ.” ಮಹೇಶ್ವರಿ ಟೋಪಿ ಎತ್ತಿಕೊಂಡಳು. “ಸುಧಾರಾಣಿ, ಈ ಮಾತು ಇನ್ನ ಯಾರ ಮುಂದೂ ಆಡಬ್ಯಾಡ. ಯಾರಿಗೂ ಹೇಳಿಲ್ಲಲ್ಲ?”

“ಯಾರಿಗೂ ಇಲ್ರಿ. ಸಾಹೇಬರು ಪಾಲಿಶ್ ಪುಡಿ ಅಂತ ಒದರಿದ್ದು ಕಿಟಕ್ಯಾಗಿಂದ ಕೇಳಿಸ್ತು. ಅವಾಗ ದಾನಮ್ಮಕ್ಕಾರಿಗೆ ಅಷ್ಟ ಫೋನ್ ಹಚ್ಚಿದೆ. ಪಾಪ, ಆ ಮನ್ಯಾಗ ನನ್ನ ಮ್ಯಾಲೆ ಅಂತಃಕರಣ ಇದ್ದಾಕಿ ಅಕ್ಕಾರ ಒಬ್ಬಾಕಿನ. ‘ಅಕ್ಕಾರ, ಆ ಕೆಂಪು ದಾರದ ಸೀಸೆ ಹಂಗ ತಗದಿಡ್ರಿ, ಮೇಡಮ್ಮಾರಿಗೆ ತೋರಿಸಿ ಅವ್ವನ ಬಿಡಿಸಿಕೋತೇನಿ’ ಅಂದೆ.”

ಮಹೇಶ್ವರಿಯ ಕೈಯಲ್ಲಿದ್ದ ಟೋಪಿ ಅಲ್ಲೇ ನಿಂತಿತು.

“ಆಕಿ ಏನಂದ್ಲು?”

“‘ಯಾವ ಸೀಸೆ ಸುಧಾ?’ ಅಂದ್ರು.”